ಮುದ್ದತ್ತು ಮೀರಿದಾಗ ಅಳಿಯುವುದೇನು? ಮರತೂರಿನಿಂದ ಕಮಲಾಪುರದವರೆಗೆ

ಕಮಲಾಪುರದ ಬಾಳೆ ಬೆಳೆಗಾರರೊಬ್ಬರು ಕೈಗಡ ತಂದು ಪ್ರೋನೋಟು ಬರೆದುಕೊಟ್ಟಿದ್ದಾರೆ ಎಂದುಕೊಳ್ಳೋಣ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ, ಪಕ್ಕದಲ್ಲಿ ತಾರೀಖು. ಕೇಳಿದಾಗ ಕೊಡಬೇಕಾದ ಇಂಥ ನೋಟಿಗೆ ಬರೆದ ದಿನದಿಂದ 3 ವರ್ಷದ ಮುದ್ದತ್ತು. ಅದು ಮೀರಿದ ದಾವೆಯನ್ನು, ಎದುರು ಪಕ್ಷ ಆಕ್ಷೇಪ ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು. ಮುದ್ದತ್ತು ತೀರುವ ಮೊದಲೇ ನೋಟಿನ ಹಿಂಬದಿಯಲ್ಲಿ ‘ಬಡ್ಡಿ ಬಾಬ್ತು 500 ರೂಪಾಯಿ ಕೊಟ್ಟಿದ್ದೇನೆ’ ಎಂದು ಸಾಲಗಾರ ಬರೆದು ಸಹಿ ಹಾಕಿದರೆ, ಆ ದಿನದಿಂದ ಮತ್ತೆ 3 ವರ್ಷ.

ಹಾಗಾದರೆ ಅವಧಿ ಮುಗಿದಾಗ ಅಳಿಯುವುದು ಸಾಲವೋ, ಅದನ್ನು ಕೇಳುವ ದಾರಿಯೋ?

ಈ ಪ್ರಶ್ನೆ ನಮ್ಮ ನೆಲಕ್ಕೆ ಹಳೆಯದು. ಕಲ್ಯಾಣದ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ‘ಮಿತಾಕ್ಷರ’ಕಾರ ವಿಜ್ಞಾನೇಶ್ವರನ ಊರು ಕಲಬುರಗಿ ಜಿಲ್ಲೆಯ ಮರತೂರು ಎಂದು ಅಲ್ಲಿನ ಶಾಸನದ ಆಧಾರದಿಂದ ಹೇಳುತ್ತಾರೆ. ತನ್ನ ಭೂಮಿಯನ್ನು ಬೇರೆಯವನು ಅನುಭವಿಸುವುದನ್ನು ಕಂಡೂ ಸುಮ್ಮನಿದ್ದವನಿಗೆ 20 ವರ್ಷಕ್ಕೆ, ಚರಾಸ್ತಿಯಾದರೆ 10 ವರ್ಷಕ್ಕೆ ಹಾನಿ ಎಂಬುದು ಯಾಜ್ಞವಲ್ಕ್ಯನ ನಿಯಮ. ಅಡವು, ಗಡಿ, ಠೇವಣಿ, ಬಾಲಕರ ಸ್ವತ್ತು, ಸ್ತ್ರೀಯರ ಸ್ವತ್ತು, ರಾಜನ ಸ್ವತ್ತುಗಳಿಗೆ ಇದು ಅನ್ವಯಿಸದು. ಯಾಜ್ಞವಲ್ಕ್ಯನ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ‘ಮಿತಾಕ್ಷರ’ದಲ್ಲಿ, ‘ಹಾನಿ’ ಎಂಬ ಆ ಒಂದು ಪದದ ಬಳಿ ವಿಜ್ಞಾನೇಶ್ವರ ನಿಲ್ಲುತ್ತಾನೆ. ಹೋಗುವುದು ಅಷ್ಟು ವರ್ಷದ ಫಲ, ಭೂಮಿಯಲ್ಲ ಎಂದು ಅರ್ಥ ಮಾಡುತ್ತಾನೆ. ಒಡೆಯನ ಮೌನ ಒಡೆತನವನ್ನು ದಾಟಿಸಲಾರದು ಎಂಬ ಈ ನಿಲುವು ನನಗೆ ಇಂದಿಗೂ ಅತ್ಯಂತ ಮಾನವೀಯವಾಗಿ ತೋರುತ್ತದೆ.

ಇಂಗ್ಲೆಂಡಿನಲ್ಲಿ 1623ರ ಕಾಯಿದೆ ಸಾಲಕ್ಕೆ 6 ವರ್ಷ, ಭೂಮಿಗೆ 20 ವರ್ಷ ಗೊತ್ತುಮಾಡಿತು. ಅದು ಮುಚ್ಚಿದ್ದು ನ್ಯಾಯಾಲಯದ ಬಾಗಿಲನ್ನಷ್ಟೇ. 1833ರ ಕಾಯಿದೆ ಇನ್ನೂ ಮುಂದೆ ಹೋಗಿ, ಅವಧಿ ಮೀರಿದರೆ ಭೂಮಿಯ ಹಕ್ಕೇ ನಶಿಸುತ್ತದೆ ಎಂದಿತು. ಬ್ರಿಟಿಷ್ ಇಂಡಿಯಾದ 1859, 1871, 1877, 1908ರ ಕಾಯಿದೆಗಳು ಇದೇ ಪರಂಪರೆಯವು.

ಆದರೆ 1908ರ ಕಾಯಿದೆ ವಿಜಯಪುರ, ಸೊಲ್ಲಾಪುರಗಳಲ್ಲಿ ನಡೆಯುತ್ತಿದ್ದಾಗ ಗುಲ್ಬರ್ಗಾದಲ್ಲಿ ನಡೆಯುತ್ತಿರಲಿಲ್ಲ. ನಿಜಾಮನ ಸೀಮೆಗೆ ಫಸಲಿ 1322ರ, ಅಂದರೆ 1912–13ರ, ಹೈದರಾಬಾದ್ ಮಿಯಾದ್ (ಮುದ್ದತ್ತು) ಕಾಯಿದೆ ಪ್ರತ್ಯೇಕವಾಗಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ವಿಲೀನವಾದರೂ ಭಾರತದ ಕಾಯಿದೆ ಇಲ್ಲಿಗೆ ಬಂದದ್ದು 1951ರ ಏಪ್ರಿಲ್ 1ರಂದು. ಹಳೆಯ ಅವಧಿ ದೊಡ್ಡದಿದ್ದು ಹೊಸದು ಚಿಕ್ಕದಾದರೆ? ರಾತ್ರಿ ಬೆಳಗಾಗುವುದರೊಳಗೆ ಜನರ ದಾವೆಗಳು ಸತ್ತುಹೋಗಬಾರದಲ್ಲ! ಅದಕ್ಕಾಗಿ 1908ರ ಕಾಯಿದೆಗೆ 30ನೆಯ ಕಲಮು ಸೇರಿಸಿದರು. ಅಂಥವರು 2 ವರ್ಷದೊಳಗೆ ಅಥವಾ ಹಳೆಯ ಅವಧಿಯೊಳಗೆ, ಯಾವುದು ಮೊದಲೋ ಅಷ್ಟರಲ್ಲಿ, ದಾವೆ ಹೂಡಬಹುದಿತ್ತು. ಕಲಬುರಗಿಯ ಹಳೆಯ ಭೂ ದಾಖಲೆ ಓದುವವರು ಈ ಕಲಮನ್ನು ಮರೆತರೆ ದಿನಗಳ ಲೆಕ್ಕ ತಪ್ಪುತ್ತದೆ.

ಈಗಿರುವ 1963ರ ಕಾಯಿದೆಯಲ್ಲಿ ಎರಡೂ ನಿಲುವುಗಳಿವೆ. ಇನ್ನೊಬ್ಬರು ತಮ್ಮದೇ ಎಂದು 12 ವರ್ಷ ಹಿಡಿದುಕೊಂಡ ಹೊಲವನ್ನು ಕೇಳದೆ ಬಿಟ್ಟವನ ಹಕ್ಕು 27ನೆಯ ಕಲಮಿನಂತೆ ಅಳಿಯುತ್ತದೆ. ಇಲ್ಲಿ ವಿಜ್ಞಾನೇಶ್ವರ ಸೋತಿದ್ದಾನೆ. ಸಾಲದ ಮಾತು ಬೇರೆ. ಕಮಲಾಪುರದ ಆ ಪ್ರೋನೋಟಿನ ಮುದ್ದತ್ತು ಮೀರಿದ ಮೇಲೂ, ಬೆಳೆಗಾರರು ತಾವಾಗಿಯೇ ‘ಈ ಬಾಕಿ ತೀರಿಸುತ್ತೇನೆ’ ಎಂದು ಬರೆದು ಸಹಿ ಹಾಕಿದರೆ, ಹೊಸದಾಗಿ ಒಂದು ಪೈಸೆ ಕೈಬದಲಾಗದಿದ್ದರೂ 1872ರ ಕರಾರು ಕಾಯಿದೆಯ 25(3)ರಂತೆ ಆ ಮಾತು ಊರ್ಜಿತ.