ಟವೆಲ್ಲಿನ ಕೆಳಗಿನ ದರ

ಬ್ಯಾಡಗಿಯಲ್ಲಿ ನಮ್ಮಜ್ಜನದು ಮೆಣಸಿನಕಾಯಿ ಅಡತಿ ಅಂಗಡಿ. ಅಡತಿ ಎಂದರೆ ಮಾಲು ಅವನದಲ್ಲ, ಕೊಳ್ಳುವ ದುಡ್ಡೂ ಅವನದಲ್ಲ. ರೈತ ಚೀಲ ತಂದು ಇಳಿಸುತ್ತಾನೆ, ಖರೀದಿದಾರ ಬಂದು ನೋಡುತ್ತಾನೆ, ನಡುವೆ ನಿಂತು ವ್ಯಾಪಾರ ಕುದುರಿಸಿದ್ದಕ್ಕೆ ಅಜ್ಜನಿಗೆ ದಲಾಲಿ. ಮೀಸೆ ಮೂಡುವ ಮೊದಲೇ ಬೇರೆಯವರ ಅಂಗಡಿಯಲ್ಲಿ ಖಿರ್ದಿ ಬರೆಯಲು ಕೂತವನು, ಎರಡು ಮಕ್ಕಳಾದ ಮೇಲೆ ಸ್ವಂತ ಗಾದಿ ಹಾಕಿದ. ಊರು ಅವನನ್ನು ಸಾವ್ಕಾರ್ರು ಎಂದಿತು. ಆ ಮಾತಿಗೆ ಅಜ್ಜಿ ನಗುತ್ತಿದ್ದಳು. ಬೇಸಿಗೆ ಮುಗಿದು ಮಾಲು ನಿಂತಿತೆಂದರೆ ದೀಪಾವಳಿಯ ತನಕ ಮನೆ ತೂಗಿಸುವುದು ಅವಳ ಪಾಲಿಗೇ ಬರುತ್ತಿತ್ತು.

ಅಜ್ಜ ಕಾಯಿ ನೋಡುವ ರೀತಿ ನನಗೆ ಚೆನ್ನಾಗಿ ನೆನಪಿದೆ. ಚೀಲದ ಬಾಯಿಂದಲ್ಲ, ಹೊಟ್ಟೆಯೊಳಗೆ ಮೊಣಕೈತನಕ ಕೈ ಹಾಕಿ ಹಿಡಿ ತುಂಬ ತೆಗೆಯುತ್ತಿದ್ದ. ಒಂದನ್ನು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಬೀಜ ಮಾತಾಡ್ತಾವೇನು ನೋಡವ್ವಾ" ಅನ್ನುತ್ತಿದ್ದ. ಗಲಗಲ ಅಂದರೆ ಒಣಗಿದ ಮಾಲು. ಸದ್ದಿಲ್ಲದಿದ್ದರೆ ತೂಕ ಬರಲೆಂದು ಯಾರೋ ನೀರು ಚಿಮುಕಿಸಿದ್ದಾರೆ, ನಾಲ್ಕು ದಿನಕ್ಕೆ ಬೂಸಲು. ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಎರಡರಲ್ಲೂ ಖಾರ ಕಡಿಮೆ, ಕೆಂಪು ಜಾಸ್ತಿ. ಈಗ ಆ ಕೆಂಪನ್ನೇ ಕಾರ್ಖಾನೆಯಲ್ಲಿ ಹಿಂಡಿ ತೆಗೆದು ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಅಜ್ಜನ ಕಾಲಕ್ಕೆ ಕೆಂಪೆಂದರೆ ಬರೀ ಸಾರಿನ ಬಣ್ಣ. ರಾತ್ರಿ ಅಂಗಡಿಯಿಂದ ಬಂದವನು ಹಿತ್ತಲಲ್ಲಿ ಅಂಗಿ ಕಳಚಿ ಮೊಣಕೈ ತಿಕ್ಕಿ ತೊಳೆಯುವ ತನಕ ಅಜ್ಜಿ ಕೂಸುಗಳನ್ನು ಅವನ ಕೈಗೆ ಕೊಡುತ್ತಿರಲಿಲ್ಲ.

ಅವನು ಹುಡುಗನಾಗಿದ್ದಾಗ ದರ ಬಾಯಲ್ಲಿ ಆಗುತ್ತಿರಲಿಲ್ಲ. ದಲಾಲಿಯೂ ಖರೀದಿದಾರನೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಮುಗಿಸುತ್ತಿದ್ದರು. ಮಾಲಿನ ಯಜಮಾನ ಮಾರುದೂರದಲ್ಲಿ ನಿಂತು ಟವೆಲ್ ಅಲ್ಲಾಡುವುದನ್ನು ನೋಡಬೇಕು, ಅಷ್ಟೆ. ಆಮೇಲೆ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಸೂಟು, ಹಮಾಲಿ, ತೂಕದ ಕೂಲಿ, ಧರ್ಮಾದಾಯ. ಯಾವ ಧರ್ಮಕ್ಕೆ ಹೋಯಿತೆಂದು ಕೇಳಿದವರಿಲ್ಲ.

ಇದನ್ನೆಲ್ಲ ಹಿಡಿತಕ್ಕೆ ತರಲು ಮುಂಬೈ ಸರ್ಕಾರ 1939ರಲ್ಲೇ ಕಾಯ್ದೆ ಮಾಡಿತ್ತು. ನಮ್ಮ ಊರು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಬಂತು, 1966ರಲ್ಲಿ ರಾಜ್ಯಕ್ಕೆಲ್ಲ ಒಂದೇ ಮಾರುಕಟ್ಟೆ ಕಾಯ್ದೆಯಾಯಿತು. ಲೈಸೆನ್ಸ್ ಬೇಕು, ದರ ಬಹಿರಂಗವಾಗಿ ಆಗಬೇಕು, ದಲಾಲಿಯನ್ನು ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ, ಖರೀದಿದಾರನೇ ಕೊಡಬೇಕು. ಅಜ್ಜ ಕೆಂಡವಾಗಿದ್ದನಂತೆ. "ನನ್ನ ಅಂಗಡ್ಯಾಗ ನನಗ ಲೆಕ್ಕ ಕಲಸಾಕ ಬಂದಾರ" ಎಂದು ಊಟದ ಹೊತ್ತಿಗೂ ಬೈಯುತ್ತಿದ್ದುದನ್ನು ಅಪ್ಪ ಹೇಳುತ್ತಾರೆ. ಸರ್ಕಾರದ ಲೆಕ್ಕಕ್ಕೆ ಅವನು ಮೊದಲಿಂದಲೂ ನಿಧಾನ: 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೂ ಅವನ ಖಿರ್ದಿಯಲ್ಲಿ ಬಹಳ ದಿನ ಆಣೆಯೇ ದೊಡ್ಡದಾಗಿ, ಪೈಸೆ ಪಕ್ಕದಲ್ಲಿ ಸಣ್ಣಕ್ಕೆ. ಆದರೂ ಪಾಲಿಸಿದ. ಅಜ್ಜ ನ್ಯಾಯವಂತ ಎಂದು ಊರಿನ ಹಳಬರು ಇವತ್ತೂ ಹೇಳುತ್ತಾರೆ. ಆ ಹೆಸರಿನಲ್ಲಿ ಅರ್ಧ ಪಾಲು ಅವನು ಬೈದುಕೊಂಡೇ ಪಾಲಿಸಿದ ಕಾಯ್ದೆಯದು ಎಂಬುದು ನನ್ನ ಲೆಕ್ಕ. ಮನೆಯಲ್ಲಿ ಈ ಮಾತು ಯಾರಿಗೂ ಸೇರುವುದಿಲ್ಲ.

ಕಾಯ್ದೆ ಮುಟ್ಟದ ಜಾಗವೂ ಇತ್ತು: ಮುಂಗಡ. ಬಿತ್ತನೆಗೆ, ಮಗಳ ಮದುವೆಗೆ, ಎತ್ತು ಸತ್ತರೆ, ರೈತ ಬರುತ್ತಿದ್ದುದು ನಮ್ಮ ಗಾದಿಗೆ. ಬ್ಯಾಂಕಿನಂತೆ ಕಾಗದ ಕೇಳದೆ ಅಜ್ಜ ಅದೇ ದಿನ ಕೊಡುತ್ತಿದ್ದ. ಪಡೆದವನು ಸುಗ್ಗಿಯಲ್ಲಿ ಮಾಲನ್ನು ಬೇರೆ ಅಂಗಡಿಗೆ ಒಯ್ಯುವ ಮಾತಿಲ್ಲ. ಇದು ಉಪಕಾರವೂ ಹೌದು, ಹಗ್ಗವೂ ಹೌದು. ಹಗ್ಗದ ತುದಿ ತನ್ನ ಕೈಯಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅದರಿಂದಲೇ ಇರಬೇಕು, ಮಾಲು ತಂದವರನ್ನು ಉಣ್ಣದೆ ಕಳಿಸುತ್ತಿರಲಿಲ್ಲ. ಪೇಟೆಯ ಹಿಂದಿನ ರಾತ್ರಿ ಅಂಗಡಿಯಲ್ಲಿ ಚೀಲಗಳ ಸಂದಿಯಲ್ಲಿ ಮಲಗಿದವರಿಗೆಲ್ಲ ನಮ್ಮ ಮನೆಯಿಂದ ರೊಟ್ಟಿ, ಪುಂಡಿಪಲ್ಯ ಹೋಗಬೇಕು. ಸೀನುತ್ತ, ಕೆಮ್ಮುತ್ತ ಮಲಗಿದವರಿಗೆ ಬುಟ್ಟಿ ಹೊತ್ತು ಒಯ್ಯುತ್ತಿದ್ದವರು ನನ್ನ ಅತ್ತೆಯರು. ರೊಟ್ಟಿ ಬಡಿದು ಬಡಿದು ಅಜ್ಜಿಯ ಬಲ ರಟ್ಟೆ ಕಡೆಗಾಲದಲ್ಲಿ ಮೇಲೇಳುತ್ತಿರಲಿಲ್ಲ. ಹಮಾಲರ ಕೂಲಿಯನ್ನು ಪೈಸೆ ಬಿಡದೆ ಬರೆದ ಖಿರ್ದಿಯಲ್ಲಿ ಈ ಖರ್ಚು ಎಲ್ಲೂ ಇಲ್ಲ. ಒಳ್ಳೆಯ ದರ ಸಿಕ್ಕ ಒಂದು ವರ್ಷ ದೊಡ್ಡತ್ತೆಯನ್ನು ಧಾರವಾಡಕ್ಕೆ ಓದಲು ಕಳಿಸಿದ್ದು ಮಾತ್ರ ಇದೆ, ಫೀ, ಟ್ರಂಕು, ರೈಲಿನ ಚಾರ್ಜು ಸಮೇತ.

ಈಗ ಅಂಗಡಿ ತಮ್ಮನದು. ದರ ಕಂಪ್ಯೂಟರಿನಲ್ಲಿ ಬೀಳುತ್ತದೆ, ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಲಾರಿ ಬರುತ್ತವೆ, ಮಾರಾಟವಾಗದ ಮಾಲು ಶೀತಲಗೃಹ ಸೇರುತ್ತದೆ. 2024ರ ಮಾರ್ಚ್ 11ರಂದು ದರ ಬಿತ್ತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿ ನೋಡುತ್ತಿದ್ದ ಅಪ್ಪ, "ಆಗೆಲ್ಲ ಸಿಟ್ಟು ಬಂದ್ರ ನಮ್ಮಪ್ಪನ ಅಂಗಿ ಹಿಡೀತಿದ್ರು" ಎಂದರು. ಒಂದೆರಡು ಸಲ ಹಿಡಿದದ್ದೂ ಉಂಟಂತೆ. ಹಿಡಿದವರು ಅವತ್ತು ರಾತ್ರಿ ಉಂಡದ್ದು ನಮ್ಮ ಮನೆಯ ರೊಟ್ಟಿಯನ್ನೇ.