ಅಂಗಳದ ಚಪ್ಪರ

ಅಂಗಳದ ಚಪ್ಪರವು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಮನೆಯ ಎದುರಿನ ಅಂಗಳದಲ್ಲಿ, ಮಾಡಿನ (ಛಾವಣಿಯ) ಅಂಚಿಗೆ ಸೇರಿಕೊಂಡಿರುವಂತೆ ಕಟ್ಟುವ ತಾತ್ಕಾಲಿಕ ನೆರಳಿನ ಹೊದಿಕೆ. ಮದುವೆ, ಉಪನಯನ, ಗೃಹಪ್ರವೇಶ, ದೈವದ ನೇಮ, ಉತ್ತರಕ್ರಿಯೆ ಮೊದಲಾದ ಸಂದರ್ಭಗಳಲ್ಲಿ ಇದನ್ನು ಕಟ್ಟಿ, ಕಾರ್ಯ ಮುಗಿದ ಬಳಿಕ ಬಿಚ್ಚಲಾಗುತ್ತದೆ. ಹೊರಗಿನಿಂದ ಮನೆಯ ವಿಸ್ತರಣೆಯಂತೆ ಕಂಡರೂ ಚಪ್ಪರದ ಭಾರವನ್ನು ಅದರ ಸ್ವಂತ ಕಂಬಗಳೇ ಹೊರುತ್ತವೆ. ಮನೆಗೆ ಸೇರಿಕೊಂಡಿದ್ದೂ ಮನೆಯ ಮೇಲೆ ಭಾರ ಹಾಕದಿರುವುದು ಈ ರಚನೆಯ ಮುಖ್ಯ ಲಕ್ಷಣ.

ಹೆಸರು

ಕನ್ನಡದಲ್ಲಿಯೂ ತುಳುವಿನಲ್ಲಿಯೂ ‘ಚಪ್ಪರ’ ಎಂಬ ಪದ ಬಳಕೆಯಲ್ಲಿದೆ. ತುಳುವಿನಲ್ಲಿ ಇದಕ್ಕೆ ‘ದೊಂಪ’ ಎಂಬ ಹೆಸರೂ ಇದೆ. ಅಂಗಳಕ್ಕೆ ‘ಜಾಲ್’ ಎನ್ನುತ್ತಾರೆ. ‘ದೊಂಪದ ಬಲಿ’ ಎಂಬ ದೈವಾರಾಧನೆಯ ಹೆಸರಿನಲ್ಲಿ ಈ ಪದವು ಉಳಿದುಬಂದಿದೆ. ಬಟ್ಟೆಯಿಂದ ನಿರ್ಮಿಸುವ ಬಾಡಿಗೆಯ ಹೊದಿಕೆಯನ್ನು ಶಾಮಿಯಾನ ಅಥವಾ ಪೆಂಡಾಲು ಎಂದು ಪ್ರತ್ಯೇಕವಾಗಿ ಕರೆಯುವುದು ರೂಢಿ.

ಹಿನ್ನೆಲೆ

ಈ ಮೂರು ತಾಲೂಕುಗಳು ಪಶ್ಚಿಮಘಟ್ಟದ ತಪ್ಪಲಿನ ಗುಡ್ಡಗಾಡು ಪ್ರದೇಶಗಳು. ಮನೆಗಳು ಹೆಚ್ಚಾಗಿ ಒತ್ತೊತ್ತಾಗಿರದೆ, ಅವರವರ ಅಡಿಕೆ ತೋಟದ ಸಮೀಪದಲ್ಲಿ ಒಂಟಿಯಾಗಿರುತ್ತವೆ. ಹಿಂದೆ ಮದುವೆಯಂತಹ ಕಾರ್ಯಗಳು ಮನೆಯಲ್ಲಿಯೇ ಜರಗುತ್ತಿದ್ದುದರಿಂದ ಬಂದ ನೆಂಟರಿಷ್ಟರಿಗೆ ಚಾವಡಿ ಮತ್ತು ಜಗಲಿಗಳು ಸಾಲುತ್ತಿರಲಿಲ್ಲ. ಅಂಗಳವನ್ನೇ ಕೆಲವು ದಿನಗಳ ಮಟ್ಟಿಗೆ ಸಭಾಂಗಣವನ್ನಾಗಿ ಪರಿವರ್ತಿಸುವ ಅಗತ್ಯದಿಂದ ಈ ಪದ್ಧತಿ ಬೆಳೆಯಿತು.

ಚಪ್ಪರದ ಕಾಲವನ್ನು ಮಳೆ ಮತ್ತು ಅಡಿಕೆ ನಿರ್ಧರಿಸುತ್ತವೆ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿಯುತ್ತದೆ. ಮಳೆಗಾಲ ಕಳೆದ ಮೇಲೆ ಅಂಗಳವನ್ನು ಹದಗೊಳಿಸಿ, ಸೆಗಣಿ ಸಾರಿಸಿ, ಅಡಿಕೆ ಒಣಗಲು ಹಾಕುತ್ತಾರೆ. ಹಣ್ಣಡಿಕೆಯು ಒಣಗಿ ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ಅಂಗಳ ತೆರವಾಗುವುದು ಕೊನೆಯ ಕೊಯ್ಲಿನ ಅಡಿಕೆ ಒಣಗಿದ ಬಳಿಕ. ಆದುದರಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಚಪ್ಪರಗಳು ಹೆಚ್ಚಾಗಿ ಕಾಣಿಸುತ್ತವೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ನೇಮ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಮುಂತಾದವು ಮುಕ್ತಾಯಗೊಳ್ಳುತ್ತವೆ. ಆದರೆ ಇದೇ ಎರಡು ತಿಂಗಳುಗಳಲ್ಲಿ ಸಂಜೆಯ ಹೊತ್ತು ಗುಡುಗು ಗಾಳಿಗಳಿಂದ ಕೂಡಿದ ಮಳೆ ಬರುವುದೂ ಸಾಮಾನ್ಯ.

ಸಾಮಗ್ರಿಗಳು

ಸಾಂಪ್ರದಾಯಿಕ ಚಪ್ಪರಕ್ಕೆ ಬೇಕಾದ ಬಹುತೇಕ ಎಲ್ಲ ವಸ್ತುಗಳೂ ತೋಟ ಮತ್ತು ಗುಡ್ಡಗಳಲ್ಲಿಯೇ ದೊರೆಯುತ್ತವೆ.

ಕಂಬ: ಮೇಲ್ತುದಿಯಲ್ಲಿ ಕವೆಯಿರುವ ಕಾಡುಮರದ ಗೆಲ್ಲುಗಳು, ಬಿದಿರು ಅಥವಾ ಅಡಿಕೆ ಮರದ ಕಾಂಡ.

ಸಲಾಕೆ: ಫಸಲು ನಿಂತ ಹಳೆಯ ಅಡಿಕೆ ಮರವನ್ನು ಕಡಿದು, ಉದ್ದಕ್ಕೆ ಸೀಳಿ, ಒಳಗಿನ ಮೆದುವಾದ ತಿರುಳನ್ನು ಕೆತ್ತಿ ತೆಗೆದ ಪಟ್ಟಿಗಳು. ಹಗುರವಾಗಿದ್ದೂ ಗಟ್ಟಿಯಾಗಿರುವುದರಿಂದ ಇವು ಚಪ್ಪರದ ಹಂದರಕ್ಕೆ ಯೋಗ್ಯವಾಗಿವೆ.

ಹೊದಿಕೆ: ನೀರಿನಲ್ಲಿ ನೆನೆಸಿ ಹೆಣೆದ ತೆಂಗಿನ ಮಡಲು (ಗರಿ) ಅಥವಾ ಅಡಿಕೆಯ ಸೋಗೆ.

ಕಟ್ಟು: ತೆಂಗಿನ ನಾರಿನ ಹಗ್ಗ ಮತ್ತು ಕಾಡುಬಳ್ಳಿ. ಮೊಳೆ ಹೊಡೆದರೆ ಸಲಾಕೆ ಸೀಳುತ್ತದೆ. ಕಟ್ಟಿದ ಹಗ್ಗವನ್ನು ಸುಲಭವಾಗಿ ಬಿಚ್ಚಬಹುದು.

ದಂಬೆ: ಅಡಿಕೆ ಮರವನ್ನು ಎರಡಾಗಿ ಸೀಳಿ ತಿರುಳು ತೆಗೆದು ಮಾಡಿದ ನೀರಿನ ತೋಡು.

ಕಟ್ಟುವ ಕ್ರಮ

ಚಪ್ಪರ ಹಾಕುವುದು ಒಬ್ಬಿಬ್ಬರ ಕೆಲಸವಲ್ಲ. ಕಾರ್ಯಕ್ಕೆ ಒಂದೆರಡು ದಿನ ಮುಂಚಿತವಾಗಿ ನೆರೆಹೊರೆಯವರು ಸೇರಿ ಇದನ್ನು ಪೂರೈಸುತ್ತಾರೆ. ಮಡಲು ಹೆಣೆಯುವ ಕೆಲಸ ಅದಕ್ಕೂ ಮೊದಲೇ ಆರಂಭವಾಗುತ್ತದೆ.

ಮೊದಲಿಗೆ ಕಂಬಗಳ ಸ್ಥಾನವನ್ನು ಗುರುತಿಸಿ, ಹಾರೆಯಿಂದ ಸುಮಾರು ಒಂದು ಮೊಳ ಆಳದ ಗುಳಿ ತೋಡುತ್ತಾರೆ. ಈ ಭಾಗದ ನೆಲದಲ್ಲಿ ಮುರಕಲ್ಲು ಮೇಲೆಯೇ ಸಿಗುವುದರಿಂದ ಗುಳಿ ತೋಡುವುದು ಶ್ರಮದ ಕೆಲಸ. ಅಲ್ಲದೆ ಅಂಗಳದಲ್ಲಿ ಗುಳಿಗಳು ಹೆಚ್ಚಾದಷ್ಟೂ ಅಡಿಕೆ ಒಣಗಿಸುವ ನೆಲ ಕೆಡುತ್ತದೆ. ಈ ಕಾರಣದಿಂದ ಹಲವು ಮನೆಗಳಲ್ಲಿ ಹಿಂದಿನ ಚಪ್ಪರದ ಗುಳಿಗಳನ್ನೇ ಮತ್ತೆ ಬಳಸುತ್ತಾರೆ. ಕಂಬ ನಿಲ್ಲಿಸಿದ ಬಳಿಕ ಬುಡಕ್ಕೆ ಕಲ್ಲಿನ ಚೂರು ಮತ್ತು ಮಣ್ಣು ತುಂಬಿ ಗುದ್ದಿ ಬಿಗಿಗೊಳಿಸಲಾಗುತ್ತದೆ.

ಕಂಬಗಳ ಕವೆಗಳ ಮೇಲೆ ಉದ್ದನೆಯ ಅಡ್ಡಗಳನ್ನು ಇರಿಸಿ, ಅವುಗಳ ಮೇಲೆ ಸಲಾಕೆಗಳನ್ನು ಸಾಲಾಗಿ ಜೋಡಿಸಿ ಕಟ್ಟುತ್ತಾರೆ. ತಲೆಹೊರೆ ಹೊತ್ತವರು ಬಾಗದೆ ಹಾದುಹೋಗುವಷ್ಟು ಎತ್ತರವಿರಬೇಕೆಂಬುದು ರೂಢಿಯ ಅಳತೆ. ಕೊನೆಯಲ್ಲಿ ಮಡಲನ್ನು ಹೊರ ಅಂಚಿನಿಂದ ಮನೆಯ ಕಡೆಗೆ, ಒಂದರ ತುದಿಯ ಮೇಲೆ ಇನ್ನೊಂದರ ಅಂಚು ಬರುವಂತೆ ಹೊದಿಸುತ್ತಾರೆ. ಮನೆಯ ಬದಿಯಿಂದ ಆರಂಭಿಸಿದರೆ ಹೊರಕ್ಕೆ ಹರಿಯಬೇಕಾದ ನೀರು ಪ್ರತಿ ಪದರದ ಸಂದಿನಲ್ಲಿಯೂ ಒಳಗಿಳಿಯುತ್ತದೆ.

ಮಾಡಿನೊಂದಿಗೆ ಜೋಡಣೆ

ಚಪ್ಪರದ ಕೆಲಸದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕಾಗುವುದು ಮಾಡಿನ ಅಂಚೂ ಚಪ್ಪರವೂ ಸಂಧಿಸುವಲ್ಲಿ. ಇಳಿಜಾರಾದ ಮಾಡಿನ ನೀರೆಲ್ಲವೂ ಈ ಸಂದಿಗೇ ಬೀಳುತ್ತದೆ. ಇಲ್ಲಿ ಮೂರು ನಿಯಮಗಳನ್ನು ಪಾಲಿಸುತ್ತಾರೆ.

ಮೊದಲನೆಯದಾಗಿ, ಮನೆಯ ಬದಿಯಲ್ಲಿಯೂ ಚಪ್ಪರಕ್ಕೆ ಪ್ರತ್ಯೇಕ ಕಂಬಗಳ ಸಾಲು ಇರಬೇಕು. ಕಂಬ ಉಳಿಸುವ ಉದ್ದೇಶದಿಂದ ಅಡ್ಡಗಳನ್ನು ಮಾಡಿನ ಪಕ್ಕಾಸುಗಳಿಗೆ ಬಿಗಿದು ಕಟ್ಟಿದರೆ, ಗಾಳಿಗೆ ಚಪ್ಪರವು ಮೇಲೆದ್ದಾಗ ಪಕ್ಕಾಸು, ರೀಪುಗಳು ಅಲುಗಿ ಹಂಚುಗಳು ಜಾರುತ್ತವೆ. ಚಪ್ಪರದ ಕೆಳಗೆ ಕುಳಿತವರ ಮೇಲೆ ಹಂಚು ಬೀಳುವ ಅಪಾಯ ಇದರಲ್ಲಿದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಮುಂದೆ ಜಿಲ್ಲೆಯ ಒಳನಾಡಿನಲ್ಲಿಯೂ ಮುಳಿಹುಲ್ಲಿನ ಮಾಡುಗಳ ಸ್ಥಾನದಲ್ಲಿ ಹಂಚು ಬಂದಿತು. ಹುಲ್ಲಿನ ಮಾಡಿಗಿಂತ ಹಂಚಿನ ಮಾಡಿಗೆ ಈ ನಿಯಮ ಹೆಚ್ಚು ಮುಖ್ಯ.

ಎರಡನೆಯದಾಗಿ, ಚಪ್ಪರದ ಒಳ ಅಂಚು ಮಾಡಿನ ಅಂಚಿಗಿಂತ ಕೆಳಗೆ, ಅದರ ಅಡಿಗೆ ಸ್ವಲ್ಪ ಸರಿದಿರಬೇಕು. ಚಪ್ಪರವು ಹೊರಕ್ಕೆ ಇಳಿಜಾರಾಗಿರಬೇಕು. ಬರಿಯ ನೆರಳಿಗಾಗಿ ಕಟ್ಟುವ ಚಪ್ಪರ ಸಮತಟ್ಟಾಗಿದ್ದರೂ ನಡೆಯುತ್ತದೆ; ಮಳೆ ಬರುವ ಸಂಭವವಿದ್ದರೆ ಸಾಲದು.

ಮೂರನೆಯದಾಗಿ, ಮಾಡಿನಿಂದ ಇಳಿಯುವ ನೀರು ಚಪ್ಪರದ ಮೇಲೆಯೇ ಬೀಳದಂತೆ ಸಂದಿನ ಉದ್ದಕ್ಕೂ ದಂಬೆ ಕಟ್ಟಿ, ನೀರನ್ನು ಒಂದು ಬದಿಗೆ ಹರಿಯಬಿಡಬೇಕು. ದಂಬೆಯಿಲ್ಲದಿದ್ದರೆ ಒಂದೇ ಮಳೆಗೆ ಮಡಲು ನೀರು ಕುಡಿದು ಭಾರವಾಗಿ ಹಂದರ ಬಾಗುತ್ತದೆ.

ಎತ್ತರದ ಮನೆಗಳು

ಉಪ್ಪರಿಗೆಯ ಮನೆಗಳಲ್ಲಿಯೂ ತಾರಸಿ ಮನೆಗಳಲ್ಲಿಯೂ ಮಾಡಿನ ಅಂಚು ಬಹಳ ಎತ್ತರದಲ್ಲಿರುತ್ತದೆ. ಸಾಮಾನ್ಯ ಎತ್ತರದ ಚಪ್ಪರವನ್ನು ಅದರ ಕೆಳಗೆ ಕಟ್ಟಿದಾಗ ನಡುವಿನ ತೆರವಿನಲ್ಲಿ ಬಿಸಿಲೂ ಮಳೆಯ ಎರಚಲೂ ನೇರವಾಗಿ ಒಳಬರುತ್ತವೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಮನೆಯ ಬದಿಯ ಕಂಬಗಳನ್ನು ಎತ್ತರಿಸಿ ಇಳಿಜಾರನ್ನು ಹೆಚ್ಚಿಸುವುದು. ಆಗ ಗಾಳಿ ಹೆಚ್ಚು ಹಿಡಿಯುವುದರಿಂದ ಕಂಬಗಳಿಗೆ ಓರೆಯಾದ ಆಧಾರ ಕೊಡಬೇಕು. ಇನ್ನೊಂದು, ಬಾಗಿಲು ಕಿಟಕಿಗಳ ಮೇಲಿನ ಸಜ್ಜಾದ ಅಡಿಗೆ ಚಪ್ಪರದ ಅಂಚನ್ನು ತಂದು, ಉಳಿದ ತೆರವಿಗೆ ಹೆಣೆದ ಮಡಲಿನ ತಟ್ಟಿಯನ್ನು ಇಳಿಬಿಡುವುದು. ಕಾಂಕ್ರೀಟಿನ ಗೋಡೆಗೆ ಹಗ್ಗ ಕಟ್ಟಲು ಆಸರೆಯಿಲ್ಲದ ಕಾರಣ ಎರಡನೆಯ ಕ್ರಮದಲ್ಲಿಯೂ ಚಪ್ಪರವು ಸ್ವಂತ ಕಂಬಗಳ ಮೇಲೆಯೇ ನಿಲ್ಲಬೇಕಾಗುತ್ತದೆ.

ಸಿಮೆಂಟು ಹಾಕಿದ ಅಂಗಳಗಳಲ್ಲಿ ಗುಳಿ ತೋಡಲು ಸಾಧ್ಯವಿಲ್ಲ. ಇಂತಹ ಕಡೆ ಹಳೆಯ ಡಬ್ಬಗಳಲ್ಲಿ ಕಾಂಕ್ರೀಟು ತುಂಬಿ ಕಂಬ ನಿಲ್ಲಿಸುತ್ತಾರೆ, ಅಥವಾ ಅಂಗಳ ಮಾಡಿಸುವಾಗಲೇ ಕಬ್ಬಿಣದ ಕೊಳವೆಯ ತುಂಡುಗಳನ್ನು ಹುಗಿದಿಟ್ಟಿರುತ್ತಾರೆ.

ಆಚರಣೆ ಮತ್ತು ಅಲಂಕಾರ

ಮದುವೆಯ ಚಪ್ಪರದ ಮೊದಲ ಕಂಬವನ್ನು ಶುಭಮುಹೂರ್ತದಲ್ಲಿ ನೆಡುವ ಸಂಪ್ರದಾಯವಿದೆ. ಹಲವೆಡೆ ಇದಕ್ಕೆ ಹಲಸಿನಂತಹ ಹಾಲು ಬರುವ ಮರದ ಗೆಲ್ಲನ್ನು ಆರಿಸುತ್ತಾರೆ. ಮಡಲಿನ ಅಡಿಭಾಗದಲ್ಲಿ ಬಿಳಿಯ ಬಟ್ಟೆಯ ಮೇಲ್ಕಟ್ಟು ಕಟ್ಟುತ್ತಾರೆ. ಇದು ಪರಂಪರೆಯಿಂದ ಮಡಿವಾಳ ಸಮುದಾಯದವರ ಹಕ್ಕಿನ ಕೆಲಸವಾಗಿತ್ತು. ಮಾವಿನೆಲೆಯ ತೋರಣ, ತೆಂಗಿನ ಸಿರಿ, ಗೊನೆಸಹಿತವಾದ ಬಾಳೆಗಿಡ ಮುಂತಾದವುಗಳಿಂದ ಅಲಂಕರಿಸುವುದು ವಾಡಿಕೆ. ಕಾರ್ಯದ ದಿನಗಳಲ್ಲಿ ಚಪ್ಪರದಡಿಯಲ್ಲಿ ಊಟದ ಪಂಕ್ತಿ, ರಾತ್ರಿ ತಾಳಮದ್ದಳೆ ನಡೆಯುತ್ತಿದ್ದವು. ಉತ್ತರಕ್ರಿಯೆಯ ಚಪ್ಪರಕ್ಕೆ ಅಲಂಕಾರವಿರುವುದಿಲ್ಲ.

ಬೆಂಕಿಯ ಅಪಾಯ

ಒಣಗಿದ ಮಡಲು ಮತ್ತು ಸೋಗೆಗೆ ಬೆಂಕಿ ಬಹುಬೇಗ ಹತ್ತುತ್ತದೆ. ಆದುದರಿಂದ ಅಡುಗೆಗೆ ಮನೆಯ ಹಿಂಬದಿಯಲ್ಲಿಯೋ ಬದಿಯಲ್ಲಿಯೋ ಬೇರೆ ಚಪ್ಪರ ಹಾಕಿ, ಅಲ್ಲಿ ನೆಲ ತೋಡಿ ಉದ್ದನೆಯ ಒಲೆ ಮಾಡುತ್ತಾರೆ. ಹೋಮಕುಂಡದ ನೇರ ಮೇಲೆ ಹೊದಿಕೆಯನ್ನು ಎತ್ತರಿಸುವುದು ಅಥವಾ ತೆರೆದಿಡುವುದು, ಗರ್ನಾಲು ಸಿಡಿಸುವ ಸ್ಥಳವನ್ನು ದೂರದಲ್ಲಿರಿಸುವುದು, ಹಂಡೆಗಳಲ್ಲಿ ನೀರು ತುಂಬಿಡುವುದು ರೂಢಿಯ ಮುನ್ನೆಚ್ಚರಿಕೆಗಳು.

ವಿದ್ಯುದ್ದೀಪಗಳು ಬಂದ ಬಳಿಕ ಅಪಾಯದ ಸ್ವರೂಪ ಬದಲಾಗಿದೆ. ತಮಿಳುನಾಡಿನ ಶ್ರೀರಂಗದಲ್ಲಿ 2004ರ ಜನವರಿ 23ರಂದು ಮದುವೆ ಮಂಟಪವೊಂದರ ಮಹಡಿಯ ಮೇಲೆ ಹಾಕಿದ್ದ ಗರಿಯ ಚಪ್ಪರಕ್ಕೆ ಬೆಂಕಿ ತಗುಲಿ, ಮದುಮಗನೂ ಸೇರಿದಂತೆ 50ಕ್ಕೂ ಹೆಚ್ಚು ಜನರು ಮೃತಪಟ್ಟರು. ಮಡಲಿಗೆ ತಾಗುವಂತೆ ತಂತಿ ಎಳೆಯದಿರುವುದು, ಬಿಸಿಯಾಗುವ ದೀಪಗಳನ್ನು ಮೇಲ್ಕಟ್ಟಿನಿಂದ ದೂರವಿಡುವುದು ಮತ್ತು ಚಪ್ಪರದ ಕನಿಷ್ಠ ಎರಡು ಬದಿಗಳನ್ನು ಹೊರಹೋಗಲು ತೆರೆದಿಡುವುದು ಅವಶ್ಯ. ಮನೆಯ ಎದುರಿನ ಚಪ್ಪರಕ್ಕೆ ಬೆಂಕಿ ಬಿದ್ದಾಗ ಮನೆಯ ಮುಂಬಾಗಿಲಿನಿಂದ ಹೊರಬರುವವರ ದಾರಿಯೂ ಮುಚ್ಚಿಹೋಗುತ್ತದೆ; ಹಿತ್ತಿಲ ಬಾಗಿಲನ್ನು ಸಾಮಾನು ಪೇರಿಸಿ ಮುಚ್ಚದಿರುವುದು ಇದೇ ಕಾರಣದಿಂದ ಮುಖ್ಯ.

ಬಿಚ್ಚುವುದು

ಮಳೆಗಾಲಕ್ಕೆ ಮೊದಲು ಚಪ್ಪರವನ್ನು ಬಿಚ್ಚಲೇಬೇಕು. ಮೊದಲು ಮಡಲು, ಬಳಿಕ ಸಲಾಕೆ ಮತ್ತು ಅಡ್ಡ, ಕೊನೆಗೆ ಕಂಬ ಎಂಬ ಕ್ರಮದಲ್ಲಿ, ಅಂದರೆ ಕಟ್ಟಿದುದರ ವಿರುದ್ಧ ದಿಕ್ಕಿನಲ್ಲಿ ಕೆಲಸ ಸಾಗುತ್ತದೆ. ಗಟ್ಟಿಯಿರುವ ಸಲಾಕೆಗಳನ್ನು ಮಳೆ ತಾಗದಲ್ಲಿ ಎತ್ತಿಡುತ್ತಾರೆ. ಉಳಿದವು ಬೇಲಿಗೂ ಒಲೆಗೂ ಹೋಗುತ್ತವೆ. ಮಡಲು ಬಚ್ಚಲಿನ ಒಲೆಗೆ ಉರುವಲಾಗುತ್ತದೆ ಅಥವಾ ತೆಂಗಿನ ಬುಡದಲ್ಲಿ ಗೊಬ್ಬರವಾಗುತ್ತದೆ. ಗುಳಿಗಳನ್ನು ಮುಚ್ಚಿ ಸೆಗಣಿ ಸಾರಿಸಿದ ಬಳಿಕ ಅಂಗಳ ಹಿಂದಿನ ಸ್ಥಿತಿಗೆ ಮರಳುತ್ತದೆ. ಮನೆಯ ಮಾಡಿನಲ್ಲಾಗಲಿ ಗೋಡೆಯಲ್ಲಾಗಲಿ ಯಾವ ಗುರುತೂ ಉಳಿಯದಿದ್ದರೆ ಚಪ್ಪರವನ್ನು ಸರಿಯಾಗಿ ಕಟ್ಟಲಾಗಿತ್ತು ಎಂದರ್ಥ.

ಹೋಲಿಕೆ

ಒಂದು ಸ್ಥಿರ ರಚನೆಗೆ ಸೇರಿಕೊಂಡು, ಆದರೆ ಸ್ವತಂತ್ರವಾಗಿ ನಿಲ್ಲುವ ಹೊದಿಕೆ ಇತರ ಕಡೆಗಳಲ್ಲಿಯೂ ಇದೆ. ಯುರೋಪಿನಲ್ಲಿ ವಾಸದ ಸೌಕರ್ಯವಿರುವ ಕ್ಯಾಂಪರ್ ವ್ಯಾನುಗಳ ಬದಿಗೆ ‘ಡ್ರೈವ್-ಅವೇ ಆನಿಂಗ್’ ಎಂಬ ಡೇರೆಯನ್ನು ಜೋಡಿಸುತ್ತಾರೆ. ಡೇರೆಯು ತನ್ನದೇ ಕೋಲುಗಳ ಮೇಲೆ ನಿಂತಿರುತ್ತದೆ. ಅದರ ಬಟ್ಟೆಯ ಓಣಿಯಂತಹ ಭಾಗವನ್ನು ಮಾತ್ರ ವಾಹನದ ಮೇಲಂಚಿನ ಹಳಿಗೆ ಸೇರಿಸಲಾಗುತ್ತದೆ, ಅಥವಾ ವಾಹನದ ಮೇಲಿನಿಂದ ಪಟ್ಟಿ ಹಾಯಿಸಿ ಬಿಗಿಯಲಾಗುತ್ತದೆ. ಜೋಡಣೆಯನ್ನು ಬಿಡಿಸಿ ವಾಹನ ಹೊರಟುಹೋದರೂ ಡೇರೆ ಅಲ್ಲಿಯೇ ನಿಲ್ಲುತ್ತದೆ. ಎತ್ತರದ ಛಾವಣಿಯ ವ್ಯಾನಿಗೆ ತಗ್ಗಿನ ಡೇರೆ ಸರಿಹೊಂದುವುದಿಲ್ಲವಾದ್ದರಿಂದ ಇವುಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ತಯಾರಿಸುತ್ತಾರೆ. ಎತ್ತರದ ಹೊಂದಾಣಿಕೆ, ಸಂದಿನಲ್ಲಿ ಇಳಿಯುವ ನೀರು ಮತ್ತು ಗಾಳಿಯ ಎಳೆತ ಎಂಬ ಮೂರು ಸಮಸ್ಯೆಗಳು ಅಂಗಳದ ಚಪ್ಪರಕ್ಕೂ ಈ ಡೇರೆಗೂ ಸಮಾನವಾಗಿವೆ.

ಇಂದಿನ ಸ್ಥಿತಿ

ಮದುವೆಗಳು ಸಭಾಭವನಗಳಿಗೆ ಸ್ಥಳಾಂತರಗೊಂಡಿರುವುದರಿಂದ ಮಡಲಿನ ಚಪ್ಪರ ವಿರಳವಾಗಿದೆ. ಮನೆಯಲ್ಲಿ ನಡೆಯುವ ಕಾರ್ಯಗಳಿಗೂ ಬಾಡಿಗೆಯ ಶಾಮಿಯಾನ ಅಥವಾ ಸಲಾಕೆಯ ಹಂದರದ ಮೇಲೆ ಟರ್ಪಾಲು ಹೊದಿಸಿದ ಚಪ್ಪರ ಬಳಕೆಗೆ ಬಂದಿದೆ. ಟರ್ಪಾಲು ಮಳೆ ತಡೆಯುತ್ತದೆಯಾದರೂ ಅದರಲ್ಲಿ ನೀರು ಮಡುಗಟ್ಟುತ್ತದೆ, ಗಾಳಿಯೂ ಹಾಯುವುದಿಲ್ಲ. ಆದುದರಿಂದ ಇಳಿಜಾರು ಮತ್ತು ಬಿಗಿಗೆ ಮಡಲಿಗಿಂತ ಹೆಚ್ಚಿನ ಗಮನ ಬೇಕು. ಅನೇಕ ಮನೆಗಳಲ್ಲಿ ಅಂಗಳಕ್ಕೆ ಕಬ್ಬಿಣದ ಕಂಬ ಮತ್ತು ಲೋಹದ ಶೀಟುಗಳ ಶಾಶ್ವತ ಮಾಡು ಬಂದಿದೆ. ಇದು ಮಳೆಗಾಲದಲ್ಲಿ ಉಪಯುಕ್ತವಾದರೂ ಅಂಗಳದ ಬಿಸಿಲನ್ನು ಕಳೆಯುವುದರಿಂದ, ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಪ್ರತ್ಯೇಕ ಒಣಗೂಡುಗಳನ್ನು ನಿರ್ಮಿಸಬೇಕಾಗುತ್ತದೆ.

ಮಡಲು ಹೆಣೆಯಲು, ಅಡಿಕೆ ಮರ ಸೀಳಲು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ದೈವಸ್ಥಾನಗಳ ನೇಮ ಮತ್ತು ಹಳೆಯ ತರವಾಡು ಮನೆಗಳ ಕಾರ್ಯಗಳಲ್ಲಿ ಮಾತ್ರ ಕೆಲವೆಡೆ ಸಂಪೂರ್ಣವಾಗಿ ತೋಟದ ಸಾಮಗ್ರಿಗಳಿಂದಲೇ ಚಪ್ಪರ ಕಟ್ಟುವ ಕ್ರಮ ಮುಂದುವರಿದಿದೆ.