ಯುವಜನರಲ್ಲಿ ಆರೋಗ್ಯಕರ ತೂಕ: ತೂಕದ ಯಂತ್ರದ ಜೊತೆಗೆ ಅಳತೆ ಟೇಪೂ ಬೇಕು

ಕಾಶಿಯ ಬಂಗಾಲಿ ಟೋಲಾದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವ, 21 ವರ್ಷದ ಕನ್ನಡದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಜಂಗಮವಾಡಿ ಮಠದಿಂದ ಹನುಮಾನ್ ಘಾಟ್‌ವರೆಗಿನ ಓಣಿಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಹೊಸದೇನಲ್ಲ. ಇವನ ಎತ್ತರ 170 ಸೆಂ.ಮೀ., ತೂಕ 64 ಕೆ.ಜಿ. ಬೆಳಿಗ್ಗೆ ಓಣಿಯ ತುದಿಯಲ್ಲಿ ಕಚೋರಿ, ಜಿಲೇಬಿ. ಮಧ್ಯಾಹ್ನ ಮೆಸ್ಸಿನ ಊಟ. ಆಮೇಲೆ ರಾತ್ರಿ ಎರಡರವರೆಗೂ ಕುರ್ಚಿಯಲ್ಲೇ. ರಜೆಗೆ ಊರಿಗೆ ಹೋದರೆ ಅಮ್ಮ “ಎಷ್ಟು ಸೊರಗಿದ್ದೀಯೋ” ಎಂದು ಇನ್ನೊಂದು ಸೌಟು ಬಡಿಸುತ್ತಾರೆ.

ಲೆಕ್ಕದ ಪ್ರಕಾರ ಇವನ ತೂಕ ಸರಿಯಾಗಿದೆ. ಆದರೆ ಇವನ ಸೊಂಟದ ಸುತ್ತಳತೆ 94 ಸೆಂ.ಮೀ. ಇದ್ದರೆ? ಆಗ ವೈದ್ಯರು ಇವನ ರಕ್ತದ ಸಕ್ಕರೆ ಮತ್ತು ಬಿಪಿ ನೋಡಲೇಬೇಕು. ತೂಕದ ಯಂತ್ರ ಮಾತ್ರ ಇದನ್ನು ಹೇಳುವುದಿಲ್ಲ.

ಬಿಎಂಐ ಏನು ಹೇಳುತ್ತದೆ?

ಕೆ.ಜಿ.ಯಲ್ಲಿರುವ ತೂಕವನ್ನು, ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದೇ ಬಿಎಂಐ. ಮೇಲಿನ ಹುಡುಗನಿಗೆ 64 ÷ (1.70 × 1.70) = 22.1. ಈ ಸೂತ್ರ 1830ರ ದಶಕದ್ದು. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ ಅದನ್ನು ರೂಪಿಸಿದ್ದು ಜನಸಮೂಹದ ಸರಾಸರಿ ತಿಳಿಯಲು, ರೋಗಿಯನ್ನು ಪರೀಕ್ಷಿಸಲು ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 18.5ರಿಂದ 24.9ರವರೆಗೆ ಆರೋಗ್ಯಕರ ತೂಕ. ಭಾರತೀಯರಿಗೆ ಈ ಮಿತಿ ಸಡಿಲವಾಯಿತು. ನಮಗೆ 18.5ರಿಂದ 22.9 ಸರಿ. ನಮ್ಮ ತಜ್ಞರು 2009ರಲ್ಲಿ ಒಪ್ಪಿಕೊಂಡ ಮಟ್ಟದಂತೆ 23 ತಲುಪಿದರೆ ಅಧಿಕ ತೂಕ, 25 ತಲುಪಿದರೆ ಬೊಜ್ಜು. ಅಂದರೆ 170 ಸೆಂ.ಮೀ. ಎತ್ತರದವರಿಗೆ ಸುಮಾರು 53.5ರಿಂದ 66 ಕೆ.ಜಿ., 155 ಸೆಂ.ಮೀ. ಎತ್ತರದವರಿಗೆ ಸುಮಾರು 44.5ರಿಂದ 55 ಕೆ.ಜಿ. ಮೊಬೈಲ್ ಆ್ಯಪ್‌ಗಳು ಹಲವು ಸಲ ಹಳೆಯ ಅಂತರರಾಷ್ಟ್ರೀಯ ಪಟ್ಟಿಯನ್ನೇ ಬಳಸುತ್ತವೆ. ಅಲ್ಲಿ 24.5ಕ್ಕೆ ಹಸಿರು ಬಣ್ಣ ಕಂಡರೆ ನಂಬಿ ಕೂರಬೇಡಿ. ಈ ಮಿತಿಗಳು 18 ದಾಟಿದವರಿಗೆ ಮಾತ್ರ. ಮಕ್ಕಳಿಗೆ, ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲ.

ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ಗೊತ್ತಾಗುವುದಿಲ್ಲ. ತುಳಸಿ ಘಾಟ್‌ನ ಅಖಾಡದಲ್ಲಿ ದಿನಾ ಗದೆ ತಿರುಗಿಸುವ ಪೈಲ್ವಾನನ (ಮೈಸೂರಿನ ಗರಡಿ ಮನೆಯವನೇ ಆಗಲಿ) ತೂಕ 78 ಕೆ.ಜಿ., ಎತ್ತರ 170 ಸೆಂ.ಮೀ. ಎಂದುಕೊಳ್ಳಿ. ಬಿಎಂಐ 27. ಪಟ್ಟಿಯ ಪ್ರಕಾರ ಬೊಜ್ಜು, ದೇಹದಲ್ಲಿ ಬಹುಪಾಲು ಸ್ನಾಯು.

ಇದರ ತಿರುಗುಮುರುಗು ಉದಾಹರಣೆ ನಮ್ಮಲ್ಲಿ ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಮತ್ತು ಲಂಡನ್‌ನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಅಕ್ಕಪಕ್ಕ ಹಾಕಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಅವರ ದೇಹದ ಕೊಬ್ಬು ಶೇ. 9.1, ಯಾಜ್ನಿಕ್ ಅವರದು ಶೇ. 21.2. ನೋಡಲು ತೆಳ್ಳಗಿದ್ದರೂ ಒಳಗೆ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಶೇಖರವಾಗುವ ಗುಣ ಭಾರತೀಯರಲ್ಲಿ ಹೆಚ್ಚು. ಯಕೃತ್ತಿನ ಸುತ್ತಮುತ್ತ ಸೇರುವ ಈ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ನಮ್ಮಲ್ಲಿ ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೆ ಇದೂ ಒಂದು ಕಾರಣ. ಸಕ್ಕರೆ ಕಾಯಿಲೆ, ಬಿಪಿಗೆ ಸರ್ಕಾರ ನಡೆಸುವ ಸಾಮೂಹಿಕ ತಪಾಸಣೆ ಇರುವುದು 30 ದಾಟಿದವರಿಗೆ. ಇಪ್ಪತ್ತರ ಹರೆಯದವರು ತಾವೇ ಅಳೆದುಕೊಳ್ಳಬೇಕಾಗುತ್ತದೆ.

ಸೊಂಟದ ಸುತ್ತಳತೆ: ಎಲ್ಲಿ, ಹೇಗೆ?

ಪ್ಯಾಂಟಿನ ಅಳತೆ ಇಲ್ಲಿ ಲೆಕ್ಕಕ್ಕಿಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದು ಕೂರುತ್ತದೆ, 32 ಎಂದು ಹೇಳುತ್ತಲೇ ಇರುತ್ತದೆ. ದರ್ಜಿಯ ಟೇಪು ಸಾಕು. ಅಂಗಿ ಮೇಲೆತ್ತಿ ನೆಟ್ಟಗೆ ನಿಲ್ಲಿ. ಪಕ್ಕದಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ ನೋಡಿ, ಕೆಳಗೆ ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ. ಇವೆರಡರ ನಟ್ಟನಡುವೆ ಟೇಪು ಸುತ್ತಿ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ, ಚರ್ಮಕ್ಕೆ ತಾಗಲಿ, ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಓದಿ. (ಎಳೆದುಕೊಳ್ಳುತ್ತೀರಿ. ಎಲ್ಲರೂ ಎಳೆದುಕೊಳ್ಳುತ್ತಾರೆ. ಅದಕ್ಕೇ ಎರಡು ಸಲ ಅಳೆಯಿರಿ.)

ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗಡಿ. ಈ ಸಂಖ್ಯೆ ನೆನಪಿರದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ನಮ್ಮ ಹುಡುಗನಿಗೆ ಅರ್ಧ ಎಂದರೆ 85. ಅವನು 94ರಲ್ಲಿದ್ದಾನೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೊಂದು ಕೂಡ ಬಿಎಂಐ ಒಂದರಿಂದಲೇ ಬೊಜ್ಜು ಎಂದು ತೀರ್ಮಾನಿಸದೆ ಸೊಂಟದ ಅಳತೆಯಂಥ ಇನ್ನೊಂದು ಪುರಾವೆ ನೋಡಬೇಕು ಎಂದಿದೆ.

ಜಿಮ್ಮಿನ ಯಂತ್ರ ಕೊಡುವ ಚೀಟಿ

ಬರಿಗಾಲಲ್ಲಿ ನಿಂತರೆ “ಕೊಬ್ಬು ಶೇ. 24.3” ಎಂದು ತೋರಿಸುವ ಯಂತ್ರಗಳು ದೇಹದ ಮೂಲಕ ಅತಿ ಸಣ್ಣ ವಿದ್ಯುತ್ ಹರಿಸುತ್ತವೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ ಸುಲಭವಾಗಿ ಸಾಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯಿಂದ ಉಳಿದದ್ದನ್ನು ಸೂತ್ರ ಊಹಿಸುತ್ತದೆ. ನೀರು ಕಡಿಮೆ ಕುಡಿದಿದ್ದರೆ, ಆಗಷ್ಟೇ ವ್ಯಾಯಾಮ ಮಾಡಿದ್ದರೆ, ಮುಟ್ಟಿನ ದಿನಗಳಲ್ಲಿ ಸಂಖ್ಯೆ ಏರುಪೇರಾಗುತ್ತದೆ. ಒಂದೇ ಯಂತ್ರ, ಬೆಳಗಿನ ಖಾಲಿ ಹೊಟ್ಟೆ, ತಿಂಗಳಿಗೊಮ್ಮೆ: ಹೀಗೆ ಬಳಸಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ, ಅಷ್ಟೆ. ಪೇಸ್‌ಮೇಕರ್ ಇರುವವರು ಮತ್ತು ಗರ್ಭಿಣಿಯರು ಬಳಸಬಾರದು. ಇದಕ್ಕಿಂತ ನಿಖರವಾದದ್ದು ಡೆಕ್ಸಾ ಸ್ಕ್ಯಾನ್. ಆದರೆ ಆರೋಗ್ಯವಾಗಿರುವ ಯುವಕರಿಗೆ ಅದರ ಖರ್ಚು ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ತೂಕ ತಾನಾಗಿ ಇಳಿದರೆ

ಮನೆಬಿಟ್ಟು ಓದುವವರಲ್ಲಿ ಈ ಸಮಸ್ಯೆಯೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು ಅಧಿಕ ತೂಕದವರು, ಶೇ. 18.7ರಷ್ಟು ಕಡಿಮೆ ತೂಕದವರು. ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ. ಜೊತೆಗೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಅತಿಯಾದ ಬಾಯಾರಿಕೆ ಮತ್ತು ಪದೇಪದೇ ಮೂತ್ರ ಇದ್ದರೆ ಅದೇ ದಿನ ಸಕ್ಕರೆ ಪರೀಕ್ಷಿಸಿ. ಬಂಗಾಲಿ ಟೋಲಾದವರಿಗೆ ಕಬೀರ್‌ಚೌರಾದ ಸರ್ಕಾರಿ ಆಸ್ಪತ್ರೆ ಇದೆ, ಲಂಕಾದಲ್ಲಿ ಬಿಎಚ್‌ಯುನ ಸರ್ ಸುಂದರ್‌ಲಾಲ್ ಆಸ್ಪತ್ರೆ ಇದೆ.

ಔಷಧಗಳ ಬಗ್ಗೆ

ಫಾರ್ಮಸಿಸ್ಟ್ ಆಗಿ ಇದನ್ನು ಹೇಳದೆ ಇರಲಾರೆ. “ದಪ್ಪ ಆಗುವ ಮಾತ್ರೆ” ಎಂದು ಕೇಳಿ ಪಡೆಯುವುದು ಬಹಳ ಸಲ ಸೈಪ್ರೊಹೆಪ್ಟಡಿನ್. ಅದು ಅಲರ್ಜಿಯ ಔಷಧ. ಹಸಿವು ಹೆಚ್ಚಿಸುತ್ತದೆ, ತೂಕಡಿಕೆ ತರುತ್ತದೆ, ಸ್ನಾಯು ಬೆಳೆಸುವುದಿಲ್ಲ. ಲೇಬಲ್ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮುಖ ಊದಿಕೊಂಡರೆ ಅದು ಪುಷ್ಟಿಯಲ್ಲ. ಅಂಥ ಪುಡಿಯನ್ನು ತುಂಬ ದಿನ ತಿಂದಿದ್ದರೆ ಏಕಾಏಕಿ ನಿಲ್ಲಿಸದೆ, ತಡಮಾಡದೆ ವೈದ್ಯರಿಗೆ ತೋರಿಸಿ. ಭೇದಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಇಳಿಯುವುದು ನೀರು ಮಾತ್ರ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ನಿಜಕ್ಕೂ ತೂಕ ಇಳಿಸುತ್ತವೆ, ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವೈದ್ಯರ ಚೀಟಿ ಇಲ್ಲದೆ ಅವು ಬೇಡ.

ಪ್ರೆಡ್ನಿಸೊಲೋನ್, ಓಲಾಂಜಪಿನ್, ಸೋಡಿಯಂ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರಲ್ಲಿ ತೂಕ ಏರಬಹುದು. ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ. ಎತ್ತರ, ಕಳೆದ ಮೂರು ತಿಂಗಳ ತೂಕ, ಸೊಂಟದ ಅಳತೆ ಮತ್ತು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಬರೆಯಲು ಬೇಸರವಾದರೆ ಮಾತ್ರೆಗಳ ಖಾಲಿ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.